ಮೋತ್ಯಾನಿಗೆ ರಿಟೈರ್‌ಮೆಂಟ್ ಕೊಡೋದಾ, ಬೇಡವಾ?

ನಮ್ಮ ಮನೆತನದಲ್ಲಿ ಇದುವರೆಗೆ ಯಾರೂ ನಿವೃತ್ತರಾಗಿಲ್ಲ. ನೌಕರಿ ಹಿಡಿದವರೇ ಇಲ್ಲ ಅಂದಮೇಲೆ ನಿವೃತ್ತಿ ಎಲ್ಲಿಂದ ಬರಬೇಕು? ಮುತ್ಯಾ ಕಣ್ಣು ಮಂಜಾಗುವವರೆಗೂ ಕುರಿ ಕಾಯ್ದ. ಅಪ್ಪನಿಗೆ ಈಗ ಐವತ್ತಾರು. ಮಂಡಿಗೆ ಎಣ್ಣೆ ತಿಕ್ಕಿಕೊಂಡು ಇವತ್ತಿಗೂ ದಿನಕ್ಕೆ ಹತ್ತು ಹನ್ನೆರಡು ಕಿಲೊಮೀಟರ್ ನಡೆಯುತ್ತಾನೆ. ಇಂಥ ಮನೆಯಲ್ಲಿ ‘ರಿಟೈರ್‌ಮೆಂಟ್’ ಎಂಬ ಮಾತು ಮೊದಲ ಸಲ ಬಂದದ್ದು ಒಂದು ನಾಯಿಯ ವಿಷಯದಲ್ಲಿ. ಅದನ್ನು ತಂದವಳು ನಾನೇ.

ನಾವು ಬಾಗಲಕೋಟೆ ಜಿಲ್ಲೆಯ ಕುರಿಗಾರರು. ದೀಪಾವಳಿ ಪಾಡ್ಯದ ದಿನ ದಡ್ಡಿಯಲ್ಲಿ ಹಾಲು ಉಕ್ಕಿಸಿ ಪೂಜೆ ಮಾಡಿದ ಮೇಲೆ ಅಪ್ಪ, ಕಾಕಾ ಮತ್ತು ಊರಿನ ಇನ್ನೆರಡು ಮನೆಯವರು ಹಿಂಡು ಕಟ್ಟಿಕೊಂಡು ಹೊರಡುತ್ತಾರೆ. ಮೊದಲು ಮಲಪ್ರಭಾ ಕಾಲುವೆಯ ಹೊಲಗಳು, ಆಮೇಲೆ ಧಾರವಾಡ, ಹಾವೇರಿ ಸೀಮೆ. ಸುಗ್ಗಿ ಮುಗಿದ ಹೊಲದಲ್ಲಿ ರಾತ್ರಿ ಹಿಂಡು ತರುಬಿದರೆ ಗೊಬ್ಬರಕ್ಕೆ ಪ್ರತಿಯಾಗಿ ರೈತರು ಕಾಳೋ ಕಾಸೋ ಕೊಡುತ್ತಾರೆ. ವಾಪಸು ಬರುವುದು ಕಾರಹುಣ್ಣಿಮೆಯ ಆಸುಪಾಸು. ಅಲ್ಲಿಯವರೆಗೆ ಬಯಲೇ ಮನೆ, ಕಂಬಳಿಯೇ ಗೋಡೆ. ರಾತ್ರಿ ಕಾವಲಿಗೆ ಮೋತ್ಯಾ.

ಮುಧೋಳ ನಮಗೆ ದೂರವಲ್ಲ. ಬೇಟೆನಾಯಿ ಅಂದರೆ ನೆನಪಾಗುವ ಆ ಉದ್ದ ಕಾಲಿನ, ಒಣಕಲು ಹೊಟ್ಟೆಯ ತಳಿಯ ಹೆಸರು ಅಲ್ಲಿಂದಲೇ ಬಂದದ್ದು. 2005ರಲ್ಲಿ ಅಂಚೆ ಇಲಾಖೆ ಅದರ ಚಿತ್ರದ ಅಂಚೆಚೀಟಿ ತಂದಿತ್ತು. ಸೇನೆಯವರೂ ಮರಿಗಳನ್ನು ತರಬೇತಿಗೆ ಒಯ್ದಿದ್ದಾರೆ. ನಮ್ಮ ಮೋತ್ಯಾನಿಗೆ ಅಷ್ಟು ದೊಡ್ಡ ವಂಶಾವಳಿ ಇಲ್ಲ. ತಾಯಿ ಮುಧೋಳದ್ದು, ತಂದೆ ಯಾರೆಂದು ಊರಿಗೇ ಗೊತ್ತಿಲ್ಲ. ತಾಯಿಯಿಂದ ಕಾಲು ಬಂದಿದೆ, ತಂದೆಯಿಂದ ಎದೆ ಮತ್ತು ಸಿಟ್ಟು.

ಇಂಗ್ಲಿಷ್ ಸಿನಿಮಾಗಳಲ್ಲಿ ಬಾರ್ಡರ್ ಕೋಲಿ ನಾಯಿ ಕುರಿಗಳನ್ನು ಸುತ್ತುಗಟ್ಟಿ ಅಟ್ಟಿಕೊಂಡು ಹೋಗುವುದನ್ನು ನೀವು ನೋಡಿರಬಹುದು. ನಮ್ಮ ನಾಯಿಗಳ ಕೆಲಸ ಅದಲ್ಲ. ಅಟ್ಟುವುದು ಮನುಷ್ಯನ ಕೆಲಸ, ಕಾಯುವುದು ನಾಯಿಯ ಕೆಲಸ. ಕಣ್ಣು ಬಿಟ್ಟ ಕೆಲವೇ ವಾರಗಳಲ್ಲಿ ಮರಿಯನ್ನು ಕುರಿಗಳ ನಡುವೆ ಬಿಟ್ಟು ಬೆಳೆಸಿದರೆ ಅದಕ್ಕೆ ಕುರಿಗಳೇ ತನ್ನ ಬಳಗ ಅನ್ನಿಸುತ್ತದೆ. ಹಗಲು ಹಿಂಡಿನ ಹಿಂದೆ ನಡೆಯುವುದು, ರಾತ್ರಿ ಬಲೆಯ ಹೊರಗೆ ಮಲಗುವುದು, ಗಾಳಿಯಲ್ಲಿ ಬೇರೆ ವಾಸನೆ ಬಂದರೆ ಎದ್ದು ಬೊಗಳುವುದು. ನೂರರಲ್ಲಿ ತೊಂಬತ್ತು ಸಲ ಬೊಗಳಿದರೆ ಸಾಕು, ತೋಳ ತಿರುಗಿ ಹೋಗುತ್ತದೆ. ಉಳಿದ ಹತ್ತು ಸಲ ಓಡಬೇಕಾಗುತ್ತದೆ. ಮೋತ್ಯಾನ ಪ್ರಶ್ನೆ ಇದ್ದದ್ದು ಆ ಹತ್ತು ಸಲದಲ್ಲಿ.

ತೋಳ ನಮ್ಮ ಸೀಮೆಯಲ್ಲಿ ಕಥೆಯ ಪ್ರಾಣಿಯಲ್ಲ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮವಿದೆ. ಕಾನೂನು ಅದಕ್ಕೆ ಹುಲಿಗೆ ಕೊಟ್ಟಷ್ಟೇ ರಕ್ಷಣೆ ಕೊಟ್ಟಿದೆ. ಕೊಡಬೇಕಾದದ್ದೇ. ಅದರ ಜೊತೆ ಒಂದೇ ಬಯಲಿನಲ್ಲಿ ಬದುಕುವ ಕುರಿಗಾರನಿಗೆ ಕಾನೂನೂ ಒಪ್ಪುವ, ತೋಳಕ್ಕೂ ಅಪಾಯವಿಲ್ಲದ ದಾರಿ ಅಂದರೆ ಒಳ್ಳೆಯ ನಾಯಿ.

ಹೋದ ವರ್ಷ ಮಾರ್ಚ್‌ನಲ್ಲಿ ಹಿಂಡು ಹೆದ್ದಾರಿ ಪಕ್ಕದ ಒಂದು ಹೊಲದಲ್ಲಿ ತರುಬಿತ್ತು. ನಸುಕಿನಲ್ಲಿ ನರಿಯೋ ಹಂದಿಯೋ ಏನನ್ನೋ ಬೆನ್ನಟ್ಟಿದ ಮೋತ್ಯಾ ರಸ್ತೆಗೆ ನುಗ್ಗಿದ. ಒಂದು ಪಿಕಪ್ ಗಾಡಿ ಎಡ ಹಿಂಗಾಲಿಗೆ ಬಡಿಯಿತು. ಗಾಡಿ ನಿಲ್ಲಲಿಲ್ಲ. ಮೋತ್ಯಾನೂ ನಿಲ್ಲಲಿಲ್ಲ ಎಂದು ಅಪ್ಪ ಹೇಳುತ್ತಾನೆ. ಮೂರು ಕಾಲಿನ ಮೇಲೆ ಕುಂಟುತ್ತಾ ಹಿಂಡಿನ ಹತ್ತಿರ ಬಂದು ತನ್ನ ಜಾಗದಲ್ಲೇ ಮಲಗಿದನಂತೆ.

ಬೆಳಗಾದ ಮೇಲೆ ಅಕ್ಕಪಕ್ಕದವರು ಬಿದಿರಿನ ದಬ್ಬೆ ಕಟ್ಟಿ ಅಂದರು. ಅಲ್ಲಿನ ಪಶು ಆಸ್ಪತ್ರೆಯ ಡಾಕ್ಟರ್ ಕಾಲು ಮುಟ್ಟಿ ನೋಡಿ, ‘ಯಜಮಾನ್ರ, ಕೆಳಗಿನ ಎಲುಬಾಗಿದ್ರ ಕಟ್ಟು ಹಾಕಬಹುದಿತ್ತು. ಇದು ತೊಡಿ ಎಲುಬು. ಕಟ್ಟಿದ್ರೂ ಮ್ಯಾಲಿನ ಕೀಲು ಅಲುಗಾಡೂದು ನಿಲ್ಲಂಗಿಲ್ಲ, ಎಲುಬು ಕೂಡಂಗಿಲ್ಲ. ಆಪರೇಷನ್ನೇ ಆಗಬೇಕು’ ಎಂದರು. ಟಂಟಂ ಬಾಡಿಗೆ ಹಿಡಿದು ದೊಡ್ಡ ಆಸ್ಪತ್ರೆಗೆ ಒಯ್ದರು. ನಾನು ಊರಿಂದ ಬಸ್ ಹತ್ತಿ ಅಲ್ಲಿಗೆ ಹೋದೆ. ಎಲುಬಿನ ಒಳಗೆ ಸ್ಟೀಲಿನ ರಾಡು ಕೂರಿಸಿದರು. ರಾಡು, ಔಷಧ, ಬಾಡಿಗೆ ಎಲ್ಲ ಸೇರಿ ಒಂದು ಒಳ್ಳೆ ಟಗರಿನ ಬೆಲೆ ಆಯಿತು. ಕಾಕಾ ಒಂದು ಟಗರು ಮಾರಿದ.

ಅಲ್ಲಿಂದ ಮುಂದೆ ಮೋತ್ಯಾ ನನ್ನ ಪಾಲಿಗೆ ಬಂದ. ಬಿ.ಎ ಮುಗಿಸಿ ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೆ ಓದುತ್ತಾ ಮನೆಯಲ್ಲೇ ಇದ್ದೆ. ಮನೆಯಲ್ಲಿದ್ದವರಿಗೆ ಕೆಲಸ ಹಚ್ಚುವುದು ಎಲ್ಲ ಮನೆಯ ಪದ್ಧತಿ, ಓದುವವರಿಗೆ ಇದು ಗೊತ್ತಿರುತ್ತದೆ. ಎಲುಬೇನೋ ಕೂಡಿತು. ಎಕ್ಸ್‌ರೇ ನೋಡಿ ರಾಡು ತೆಗೆದರು. ಆದರೆ ತೊಡೆಯ ಸ್ನಾಯು ಸೊರಗಿ, ಮೊಣಕಾಲು ಸೆಟೆದುಕೊಂಡಿತ್ತು. ತೊಡೆ ಎಲುಬು ಮುರಿದ ನಾಯಿಗಳಲ್ಲಿ ಇದು ಆಗುತ್ತದಂತೆ. ಕಾಲನ್ನು ಬಳಸದೇ ಬಿಟ್ಟಷ್ಟೂ ಅದು ಮರದ ಕೋಲಿನಂತಾಗುತ್ತದೆ. ದಿನಕ್ಕೆ ಮೂರು ಸಲ ಬಿಸಿನೀರಿನ ಬಟ್ಟೆ ಇಟ್ಟು, ಮೆಲ್ಲಗೆ ಹದಿನೈದು ಸಲ ಮಡಚಿ ಬಿಡಿಸುವುದು. ಮಳೆಗಾಲದಲ್ಲಿ ಆಲಮಟ್ಟಿಯ ಹಿನ್ನೀರು ನಮ್ಮೂರ ಹೊಲದ ಅಂಚಿಗೆ ಬಂದಾಗ ಹಗ್ಗ ಹಿಡಿದು ಈಜಿಸಿದೆ. ನೀರಿನಲ್ಲಿ ಮೈಭಾರ ಕಾಲಿನ ಮೇಲೆ ಬೀಳುವುದಿಲ್ಲ, ಸ್ನಾಯುವಿಗೆ ಮಾತ್ರ ಕೆಲಸ ಸಿಗುತ್ತದೆ.

ಅವ್ವನ ಹೊಲಿಗೆ ಟೇಪಿನಿಂದ ಪ್ರತಿ ಭಾನುವಾರ ಎರಡೂ ತೊಡೆಯ ಸುತ್ತಳತೆ ತೆಗೆದು ಕರೆಂಟ್ ಅಫೇರ್ಸ್ ನೋಟ್ಸಿನ ಹಿಂದಿನ ಹಾಳೆಯಲ್ಲಿ ಬರೆಯುತ್ತಿದ್ದೆ. ಬಲಗಾಲು ಹದಿನಾಲ್ಕು ಇಂಚು. ಎಡಗಾಲು ಜೂನ್‌ನಲ್ಲಿ ಹನ್ನೊಂದು, ಆಗಸ್ಟ್‌ನಲ್ಲಿ ಹನ್ನೆರಡು, ಅಕ್ಟೋಬರ್‌ನಲ್ಲಿ ಹನ್ನೆರಡೂ ಮುಕ್ಕಾಲು. ಆಮೇಲೆ ಏರಲೇ ಇಲ್ಲ.

ದೀಪಾವಳಿ ಹತ್ತಿರ ಬಂತು. ಮನೆಯಲ್ಲಿ ವಾದ ಶುರುವಾಯಿತು.

ಕಾಕಾನದು ಸರಳ ಲೆಕ್ಕ. ‘ಅವ ಓಡೂದು ಬ್ಯಾಡ, ಬೊಗಳಿದ್ರ ಸಾಕು. ನೋವಾದ್ರ ಒಂದ್ ಗುಳಿಗಿ ಹಾಕೂಣು.’ ಅವ್ವನದು ಇನ್ನೂ ಸರಳ. ‘ಏಳು ವರ್ಸ ದುಡದಾನ, ಇನ್ನ ಕುಂತು ಉಣ್ಣಲಿ.’ ಅಪ್ಪ ಏನೂ ಹೇಳಲಿಲ್ಲ. ಅವನ ಚಿಂತೆ ರಾಣಿಯದು. ರಾಣಿ ಎರಡು ವರ್ಷದ ಹೆಣ್ಣುನಾಯಿ. ಓಟದಲ್ಲಿ ಮೋತ್ಯಾನಿಗಿಂತ ಒಂದು ಕೈ ಮೇಲು. ಆದರೆ ಮೊಲ ಕಂಡರೆ ಹಿಂಡು ಮರೆತುಬಿಡುತ್ತಾಳೆ. ಮೋತ್ಯಾ ಜೊತೆಗಿದ್ದರೆ ಅವನನ್ನು ನೋಡಿ ನಿಲ್ಲುತ್ತಾಳೆ. ನಾಲ್ಕು ಮನೆಯ ಹಿಂಡಿನಲ್ಲಿ ನಮ್ಮ ಪಾಲಿನವು ನೂರಾ ನಲವತ್ತು ಕುರಿ. ನಮ್ಮ ಮನೆಯ ಬ್ಯಾಂಕು, ವಿಮೆ, ತಮ್ಮನ ಕಾಲೇಜು ಫೀ, ನನ್ನ ಕೋಚಿಂಗ್ ಎಲ್ಲವೂ ಅದೇ. ಅದನ್ನು ಒಂದು ಚಂಚಲ ನಾಯಿಯ ಮೇಲೆ ಬಿಟ್ಟು ಹೋಗುವುದು ಸಣ್ಣ ಮಾತಲ್ಲ.

ಗುಳಿಗೆಯ ವಿಷಯ ಮೊದಲು ಇತ್ಯರ್ಥವಾಯಿತು. ಡಾಕ್ಟರ್ ಫೋನಿನಲ್ಲೇ ಗದರಿದರು. ನಾವು ತಲೆನೋವು, ಮೈಕೈ ನೋವಿಗೆ ನುಂಗುವ ಮಾತ್ರೆಗಳು ನಾಯಿಯ ಹೊಟ್ಟೆಯಲ್ಲಿ ಹುಣ್ಣು ಮಾಡಿ, ಮೂತ್ರಪಿಂಡ, ಯಕೃತ್ತನ್ನು ಕೆಡಿಸಬಲ್ಲವು. ನಾಯಿ ಸಾಕಿದವರು ಇದನ್ನು ಮರೆಯಬಾರದು. ನಾಯಿಗೆಂದೇ ಬೇರೆ ಔಷಧಿ ಇದೆ, ಆದರೆ ಅದನ್ನು ಕೊಟ್ಟು ಕೆಲಸಕ್ಕೆ ಹಚ್ಚಬೇಡಿ ಎಂದರು. ‘ನೋವು ಅಂದ್ರ ಬ್ರೇಕ್ ಇದ್ದಂಗ. ಬ್ರೇಕ್ ತಗದು ಗಾಡಿ ಇಳಿಜಾರಿಗೆ ಬಿಡ್ತೀರೇನು?’

ಬೇರೆ ಕಡೆ ಏನು ಮಾಡುತ್ತಾರೆ ಎಂದು ನಾನು ಹುಡುಕಿ ಓದತೊಡಗಿದೆ. ಓದಿದ್ದು ಸಮಾಧಾನ ಕೊಡಲಿಲ್ಲ. ಸೇವೆಗೆ ಬಾರದಾದ ನಾಯಿಗಳಿಗೆ ದಯಾಮರಣ ಕೊಡುವ ಪದ್ಧತಿ ನಮ್ಮ ಸೇನೆಯಲ್ಲಿ ತೀರಾ ಇತ್ತೀಚಿನವರೆಗೂ ಇತ್ತು. ಮಾಹಿತಿ ಹಕ್ಕಿನಡಿ ಅದು ಹೊರಬಂದು, ದೆಹಲಿ ಹೈಕೋರ್ಟ್‌ವರೆಗೆ ಹೋದ ಮೇಲೆ 2015ರ ಹೊತ್ತಿಗೆ ಬದಲಾಯಿತು. ಈಗ ನಿವೃತ್ತ ನಾಯಿಗಳನ್ನು ಜನ ದತ್ತು ತೆಗೆದುಕೊಳ್ಳಬಹುದು. ಅಮೆರಿಕದಲ್ಲೂ ಸೇನಾ ನಾಯಿಗಳ ದತ್ತಿಗೆ ಕಾನೂನು ಬಂದದ್ದು 2000ನೇ ಇಸವಿಯಲ್ಲಿ. ರಾಬಿ ಎಂಬ ನಾಯಿಯ ಹೆಸರಿನಿಂದಲೇ ಆ ಕಾನೂನನ್ನು ಕರೆಯುತ್ತಾರೆ. ಅಷ್ಟು ದೊಡ್ಡ ದೊಡ್ಡ ಸೈನ್ಯಗಳಿಗೂ ಮುದಿನಾಯಿಯನ್ನು ಏನು ಮಾಡಬೇಕೆಂದು ಹೊಳೆಯಲು ಇಷ್ಟು ವರ್ಷ ಬೇಕಾಯಿತು. ನಮ್ಮ ಅವ್ವ ಒಂದು ವಾಕ್ಯದಲ್ಲಿ ಮುಗಿಸಿದ್ದಳು.

2022ರ ಅಕ್ಟೋಬರ್‌ನಲ್ಲಿ ಕಾಶ್ಮೀರದ ಅನಂತನಾಗ್‌ನಲ್ಲಿ ಗುಂಡೇಟು ತಿಂದ ಸೇನೆಯ ‘ಝೂಮ್’ ನೆನಪಿದೆಯೇ? ಎರಡು ಗುಂಡು ತಗುಲಿದರೂ ಬಿಡದೆ ಹೋರಾಡಿದ ಎಂದು ಎಲ್ಲ ಪತ್ರಿಕೆಗಳಲ್ಲೂ ಬಂದಿತ್ತು. ಕೆಲವೇ ದಿನಗಳಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡ. ಆಗ ನಾನೂ ಸ್ಟೇಟಸ್ ಹಾಕಿದ್ದೆ. ಈಗ ‘ಗಾಯಗೊಂಡರೂ ಬಿಡಲಿಲ್ಲ’ ಎಂಬ ಮಾತು ನನಗೆ ಬೇರೆ ಥರ ಕೇಳಿಸುತ್ತದೆ. ನಾಯಿ ಬಿಡುವುದೇ ಇಲ್ಲ. ಸಾಕು ಅನ್ನುವುದು ಅದರ ಕೈಯಲ್ಲಿಲ್ಲ. ಅದನ್ನು ಅನ್ನಬೇಕಾದವರು ಜೊತೆಗಿರುವ ಮನುಷ್ಯರು. ಅವರು ಅನ್ನುವ ಹೊತ್ತಿಗೆ ಅವರಿಗೆ ಅದರ ಕೆಲಸದ ಅಗತ್ಯವೂ ಇರುತ್ತದೆ. ಮಾಲೀಕನೇ ಡಾಕ್ಟರ್ ಸರ್ಟಿಫಿಕೇಟ್ ಕೊಡುವ ಹಾಗಿನ ಪರಿಸ್ಥಿತಿ ಇದು.

ಅದಕ್ಕೇ ಒಂದು ಪರೀಕ್ಷೆ ಮಾಡೋಣ ಎಂದೆ. ನಾನು ಆಗ ದಿನಾ ನಸುಕಿನಲ್ಲಿ ಶಾಲೆಯ ಮೈದಾನದಲ್ಲಿ 400 ಮೀಟರ್ ಓಡುತ್ತಿದ್ದೆ. ಫಿಟ್, ಅನ್‌ಫಿಟ್ ಎಂಬ ಎರಡು ಪದಗಳ ನಡುವೆಯೇ ಬದುಕಿದ್ದೆ ಅನ್ನಿ. ಮೋತ್ಯಾನಿಗೂ ಒಂದು ಫಿಸಿಕಲ್ ಇರಲಿ ಎಂದು ಕಾಕಾ ನಕ್ಕ. ಆದರೆ ನಮ್ಮ ಓಟಕ್ಕೂ ಅವನದಕ್ಕೂ ವ್ಯತ್ಯಾಸವಿತ್ತು. ಡಾಕ್ಟರ್ ಹೇಳಿದ್ದರು: ‘ಅವ ಓಡ್ತಾನೋ ಇಲ್ಲೋ ಅಂತ ನೋಡಬ್ಯಾಡ್ರಿ. ಕುರಿ ಕಂಡ್ರ ಮುರದ ಕಾಲಾಗೂ ಓಡ್ತಾನ. ಮರುದಿನ ಮುಂಜಾನೆ ಹೆಂಗ ಏಳ್ತಾನ, ಅದನ್ನ ನೋಡ್ರಿ.’ ಮೈ ಬಿಸಿಯಾದಾಗ ಕೀಲಿನ ನೋವು ಕಾಣುವುದಿಲ್ಲ. ವಿಶ್ರಾಂತಿಯ ನಂತರ ಅದು ಹೊರಬರುತ್ತದೆ.

ಮೂರು ದಿನ ಅಪ್ಪ ಅವನನ್ನು ಹಿಂಡಿನ ಜೊತೆ ಕರೆದೊಯ್ದ. ದಿನಕ್ಕೆ ಎಂಟು ಕಿಲೊಮೀಟರ್. ಮೊದಲ ದಿನ ಮೋತ್ಯಾನ ಉತ್ಸಾಹ ನೋಡಿ ನನಗೇ ಅನುಮಾನ ಬಂತು, ಇವನಿಗೇನೂ ಆಗಿಲ್ಲವೇನೋ ಎಂದು. ಬಾಲ ಎತ್ತಿ, ಹಿಂಡಿನ ಎಡಕ್ಕೆ, ತನ್ನ ಹಳೆಯ ಜಾಗದಲ್ಲಿ ನಡೆದ. ಸಂಜೆ ನುಚ್ಚು ಮಜ್ಜಿಗೆ ಎರಡು ಬೋಗುಣಿ ಹೊಡೆದ.

ಎರಡನೆಯ ಮುಂಜಾನೆ ಅವನ ಪಾದಗಳಿಗೆ ನೀರು ಹಚ್ಚಿ ಒಣ ಪರಸಿ ಕಲ್ಲಿನ ಮೇಲೆ ನಡೆಸಿದೆ. ಮೂರು ಹೆಜ್ಜೆ ದಟ್ಟವಾಗಿ ಮೂಡಿದವು. ನಾಲ್ಕನೆಯದು ಬರೀ ಬೆರಳ ತುದಿ. ಉಗುರು ನೋಡಿದೆ. ಬಲಗಾಲಿನವು ಸವೆದು ಮೊಂಡಾಗಿದ್ದವು, ಎಡಗಾಲಿನವು ಉದ್ದವಾಗಿ ಬಾಗಿದ್ದವು. ಅಂದರೆ ತಿಂಗಳುಗಟ್ಟಲೆ ಆ ಕಾಲನ್ನು ಊರಿದಂತೆ ಮಾಡಿ ಊರದೇ ನಡೆದಿದ್ದ. ನಮಗೆ ಕಾಣದಂತೆ ಭಾರವನ್ನೆಲ್ಲ ಉಳಿದ ಮೂರು ಕಾಲಿಗೆ ಹಂಚಿಕೊಂಡಿದ್ದ.

ಮೂರನೆಯ ರಾತ್ರಿ ದಡ್ಡಿಯ ಹತ್ತಿರ ರಾಣಿ ಒಮ್ಮೆಲೇ ಬೊಗಳಿದಳು. ಮೊದಲಾಗಿದ್ದರೆ ನಮಗೆ ಬೊಗಳು ಕೇಳುವಷ್ಟರಲ್ಲಿ ಮೋತ್ಯಾ ಕತ್ತಲಲ್ಲಿ ಮಾಯವಾಗಿರುತ್ತಿದ್ದ. ಅವತ್ತು ಟಾರ್ಚ್ ಬೆಳಕಿನಲ್ಲಿ ನಾನು, ಅಪ್ಪ ಇಬ್ಬರೂ ನೋಡಿದೆವು. ಮುಂಗಾಲು ಊರಿದ. ಹಿಂಭಾಗ ಎತ್ತಲು ಹೋಗಿ ಕುಸಿದ. ಮತ್ತೆ ಎತ್ತಿದ. ನಿಂತ. ಆಮೇಲೆ ಓಡಿದ. ಓಡಿದ್ದು ಮಾತ್ರ ಜೋರಾಗಿಯೇ. ಬಂದದ್ದು ಯಾರದೋ ಬೆಕ್ಕು.

ನಾಯಿ ಬೊಗಳಿದರೆ ಸಾಕು ಎಂಬ ಕಾಕಾನ ವಾದ ಬಿದ್ದದ್ದು ಅಲ್ಲೇ. ಬೊಗಳಿ ಅಲ್ಲೇ ನಿಲ್ಲುವ ನಾಯಿಯಾಗಿದ್ದರೆ ಸಾಕಿತ್ತು. ಇವನು ಬೊಗಳಿದ ಮೇಲೆ ಮುನ್ನುಗ್ಗುವ ನಾಯಿ. ತೋಳಗಳು ಒಂಟಿಯಾಗಿ ಬರುವುದು ಕಡಿಮೆ. ಎದುರು ಹೋದ ನಾಯಿಗೆ ಹಿಂದೆ ಸರಿಯಲು, ಪಕ್ಕಕ್ಕೆ ಹಾರಲು ಹಿಂಗಾಲು ಬೇಕೇ ಬೇಕು. ತಿರುಗಲಾರದ ನಾಯಿಯನ್ನು ತೋಳ ಕೊಲ್ಲುತ್ತದೆ. ಆಮೇಲೆ ಕುರಿಗೂ ಕಾವಲಿಲ್ಲ, ನಾಯಿಯೂ ಇಲ್ಲ.

ಅವತ್ತು ರಾತ್ರಿ ಅಪ್ಪ ಬೀಡಿ ಆರಿಸಿ ಹೇಳಿದ, ‘ನನ್ನ ಮಂಡಿ ನೋಯ್ತಂದ್ರ ನಾ ಕುಂದರ್ತೀನಿ, ಯವ್ವಾ. ಇವಗ ಕುಂದ್ರೂದು ಗೊತ್ತಿಲ್ಲ. ಇಲ್ಲೇ ಇರಲಿ.’

ನಿರ್ಧಾರ ಆಯಿತು ಎಂದು ನಾವು ಅಂದುಕೊಂಡೆವು. ಮೋತ್ಯಾನನ್ನು ಯಾರೂ ಕೇಳಿರಲಿಲ್ಲವಲ್ಲ.

ಹಿಂಡು ಹೊರಟ ದಿನ ಅವನನ್ನು ಮನೆಯ ಹಿಂದೆ ಕಟ್ಟಿದ್ದೆವು. ಕುರಿಗಳ ಗಂಟೆ ಸದ್ದು ದೂರವಾಗುತ್ತಾ ಹೋದಂತೆ ಅವನು ಊಳಿಟ್ಟ ರೀತಿ ಓಣಿಯವರೆಲ್ಲ ಬಂದು ನೋಡುವಂತಿತ್ತು. ಎರಡು ದಿನ ರೊಟ್ಟಿ ಮೂಸಲಿಲ್ಲ. ನಾಲ್ಕನೆಯ ದಿನ ಹಗ್ಗ ಕಡಿದು ಹೊರಟೇಬಿಟ್ಟ. ಒಂಬತ್ತು ಕಿಲೊಮೀಟರ್ ಆಚೆ, ಹಿಂಡು ಹೋದ ದಾರಿಯಲ್ಲೇ ಕೂತಿದ್ದವನನ್ನು ಗುರುತಿಸಿ ಹಾಲಿನವರು ಫೋನ್ ಮಾಡಿದರು. ಬೈಕಿನ ಮೇಲೆ ನನ್ನ ತೊಡೆಯ ಮೇಲೆ ಮಲಗಿಸಿಕೊಂಡು ತಂದೆವು. ಮೊಣಕಾಲು ಬಾತು ತೆಂಗಿನಕಾಯಿಯಾಗಿತ್ತು. ಕೂತು ಉಣ್ಣು ಎಂದರೆ ಉಣ್ಣುವ ಜಾತಿ ಅವನದಲ್ಲ. ನಿವೃತ್ತಿ ಕೊಡುವವರು ಹುದ್ದೆಯನ್ನಷ್ಟೇ ನೋಡಿದರೆ ಹೀಗೇ ಆಗುತ್ತದೆ. ನಾಯಿಗೆ ಬೆಳಗಿನಿಂದ ಸಂಜೆಯವರೆಗೆ ಏನು ಮಾಡುವುದು ಎಂಬುದೇ ದೊಡ್ಡ ಪ್ರಶ್ನೆ.

ಉತ್ತರ ಅವ್ವನ ಹತ್ತಿರವಿತ್ತು. ಪ್ರತಿ ವರ್ಷ ನಡೆಯಲಾರದ ಹತ್ತು ಹದಿನೈದು ಕುರಿಗಳನ್ನು ಊರಲ್ಲೇ ಬಿಟ್ಟು ಹೋಗುತ್ತಾರೆ. ಮುದಿಯವು, ಗಬ್ಬದವು, ಕುಂಟುವವು. ಈ ಸಲ ಹದಿನಾಲ್ಕಿದ್ದವು. ಬಾವು ಇಳಿದ ಮೇಲೆ ಅವ್ವ ಮೋತ್ಯಾನ ಹಗ್ಗ ಬಿಚ್ಚಿ ಹೊಲದ ದಡ್ಡಿಯೊಳಗೆ ಬಿಟ್ಟಳು. ಅವನು ಒಂದೊಂದೇ ಕುರಿಯ ಮುಖ ಮೂಸಿ ಸುತ್ತು ಹಾಕಿದ. ಬಾಗಿಲಲ್ಲಿ ಮಲಗಿದ. ಅವತ್ತು ರಾತ್ರಿ ನುಚ್ಚು ತಿಂದ. ಮನೆಯಿಂದ ದಡ್ಡಿ ಮುನ್ನೂರು ಹೆಜ್ಜೆ. ಅವನ ಬೀಟ್ ಈಗ ಅಷ್ಟೇ. ಊರ ಹತ್ತಿರ ತೋಳದ ಕಾಟ ಇಲ್ಲ. ಬೀದಿನಾಯಿಗಳು ಬರುತ್ತವೆ. ಅವಕ್ಕೆ ಇವನ ದನಿಯೇ ಸಾಕು.

ಇಲ್ಲಿಗೆ ಎಲ್ಲ ಸರಿಹೋಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಜನವರಿಯಲ್ಲಿ ಹಾವೇರಿ ಕಡೆಯಿಂದ ಕಾಕಾನ ಫೋನ್ ಬಂತು. ಒಂದೇ ರಾತ್ರಿ ತೋಳ ಎರಡು ಮರಿ ಒಯ್ದಿತ್ತು. ರಾಣಿ ಒಂದನ್ನು ಬೆನ್ನಟ್ಟಿ ದೂರ ಹೋದಾಗ ಇನ್ನೊಂದು ಬೇರೆ ದಿಕ್ಕಿನಿಂದ ಬಂದಿದೆ. ‘ಮೋತ್ಯಾ ಇದ್ದಿದ್ರ ಹಿಂಗ ಆಗ್ತಿರಲಿಲ್ಲ’ ಅಂದ ಕಾಕಾ. ಅಪ್ಪ ಫೋನ್ ಕಸಿದುಕೊಂಡು, ‘ಇದ್ದಿದ್ರ ಎರಡು ಮರಿ ಜೋಡಿ ಮೋತ್ಯಾನೂ ಹೋಗ್ತಿದ್ದ’ ಅಂದ. ಇಬ್ಬರ ಮಾತೂ ನಿಜವಿರಬಹುದು. ಒಯ್ದ ಮರಿಗಳ ಕಳೇಬರ ಸಿಗಲಿಲ್ಲ, ಹಾಗಾಗಿ ಪರಿಹಾರ ಕೇಳಲು ತೋರಿಸುವಂಥದ್ದೇನೂ ಇರಲಿಲ್ಲ. ಆ ನಷ್ಟ ನಮ್ಮ ನಿರ್ಧಾರದ ಖರ್ಚು ಎಂದು ನಾನು ನೋಟ್ಸಿನ ಹಿಂದಿನ ಹಾಳೆಯಲ್ಲೇ ಬರೆದಿಟ್ಟೆ, ಅವನ ತೊಡೆಯ ಅಳತೆಯ ಕೆಳಗೆ. ಅದೇ ವಾರ ಮೋತ್ಯಾ ದಡ್ಡಿಯಲ್ಲಿ ಹೊಸದಾಗಿ ಹುಟ್ಟಿದ ಮರಿಯ ಪಕ್ಕ ಬಿಸಿಲು ಕಾಯಿಸುತ್ತಾ ಮಲಗಿದ್ದ. ಚಳಿಗೆ ಕಾಲು ಇನ್ನಷ್ಟು ಸೆಟೆದಿತ್ತು.

ಮತ್ತೆ ಹಾಗಾಗಬಾರದೆಂದು ಅಪ್ಪ ಅಲ್ಲಿಂದಲೇ ಒಬ್ಬರಿಗೆ ಹೇಳಿ ಫೆಬ್ರುವರಿಯಲ್ಲಿ ಒಂದು ಗಂಡು ಮರಿ ತರಿಸಿದ. ಆರು ವಾರದ್ದು, ಕರಿ ಬಣ್ಣ, ಹೊಟ್ಟೆ ಡೊಳ್ಳು. ಹೆಸರಿಟ್ಟಿಲ್ಲ ಇನ್ನೂ. ಅದನ್ನು ಮನೆಯೊಳಗೆ ತರಬೇಡಿ, ಎತ್ತಿ ಮುದ್ದಾಡಬೇಡಿ, ಕುರಿಗಳ ನಡುವೆಯೇ ಇರಲಿ ಎಂದು ತಾಕೀತು ಮಾಡಿದ್ದಾನೆ. ದಡ್ಡಿಯಲ್ಲಿ ಬಿಟ್ಟೆವು. ಮೊದಲ ದಿನ ಮೋತ್ಯಾ ಗುರ್ ಅಂದ. ಎರಡನೆಯ ದಿನ ತನ್ನ ಬೋಗುಣಿಯಲ್ಲಿ ಬಾಯಿ ಹಾಕಿದ್ದಕ್ಕೆ ಮೂತಿಗೆ ಸಣ್ಣಗೆ ಕಚ್ಚಿದ. ಈಗ ಅವನು ಎದ್ದರೆ ಅದೂ ಏಳುತ್ತದೆ. ಅವನು ಕತ್ತಲಿಗೆ ಮುಖ ಮಾಡಿ ಕಿವಿ ನಿಗುರಿಸಿದರೆ ಅದೂ ಏನೂ ತಿಳಿಯದೆ ಅತ್ತಲೇ ನೋಡುತ್ತದೆ.

ಅಪ್ಪ ವಾರಕ್ಕೆರಡು ಸಲ ಫೋನ್ ಮಾಡುತ್ತಾನೆ. ಮೊದಲು ಮಳೆ, ಮೇವು, ಆಮೇಲೆ ನನ್ನ ಫಿಸಿಕಲ್ ಲಿಸ್ಟ್ ಬಂತೇ ಎಂಬ ವಿಚಾರಣೆ. ಕೊನೆಗೆ ಅದೇ ಪ್ರಶ್ನೆ:

‘ಮರಿ ಬೊಗಳಾಕ ಹತ್ತೇತೇನು?’

ಹೋದ ಶನಿವಾರ ರಾತ್ರಿ ಮೋತ್ಯಾನ ಹಿಂದೆ ನಿಂತು ಎರಡು ಸಲ ಬೊಗಳಿತು ಎಂದೆ.